ಬ್ಯಾಕಪ್ ಡ್ರೈವ್ ತಪಾಸಣೆ: /ಎಫ್ ಸಾಕೇ, /ಆರ್ ಬೇಕೇ, ಫಾರ್ಮ್ಯಾಟ್ ಮಾಡುವುದೇ ಮೇಲೇ?

ಎಕ್ಸ್‌ಟರ್ನಲ್ ಡ್ರೈವ್ ಚುಚ್ಚಿದ ಕೂಡಲೇ ‘ಈ ಡ್ರೈವ್‌ನಲ್ಲಿ ತೊಂದರೆಯಿದೆ, ಸ್ಕ್ಯಾನ್ ಮಾಡಿ’ ಎಂದು ವಿಂಡೋಸ್ ಹೇಳುತ್ತದೆ. ಇಲ್ಲವೇ ನಡೆಯುತ್ತಿದ್ದ ಬ್ಯಾಕಪ್ ಅರ್ಧದಲ್ಲೇ ನಿಲ್ಲುತ್ತದೆ. ಇಲ್ಲವೇ, ನೋಡೇಬಿಡೋಣ ಎಂದು ಶುರುಮಾಡಿದ ಡಿಸ್ಕ್ ತಪಾಸಣೆ 10 ಪರ್ಸೆಂಟ್ ತೋರಿಸಿ ಗಂಟೆಗಟ್ಟಲೆ ಅಲ್ಲಾಡದೆ ಕೂರುತ್ತದೆ. ಇಂಥ ಹೊತ್ತಿನಲ್ಲಿ ಮಾಡಬಹುದಾದ ಕೆಲಸಗಳು ಹಲವು: ಏನನ್ನೂ ಮುಟ್ಟದೆ ಓದಿ ನೋಡುವ ತಪಾಸಣೆ, ವಿಂಡೋಸ್‌ನ ತಪಾಸಣೆ ಕಮಾಂಡ್ ಆದ ಚೆಕ್‌ಡಿಸ್ಕ್‌ಗೆ /ಎಫ್ ಎಂಬ ಸ್ವಿಚ್ ಹಾಕಿ ಸರಿಪಡಿಸುವುದು, /ಆರ್ ಹಾಕಿ ಇಡೀ ಡಿಸ್ಕ್ ಓದಿಸುವುದು, ಸ್ಮಾರ್ಟ್ ವರದಿ (ಡ್ರೈವ್ ತಾನೇ ಇಟ್ಟುಕೊಳ್ಳುವ ಆರೋಗ್ಯದ ಲೆಕ್ಕ) ತೆಗೆಯುವುದು, ಮೊದಲು ಇಮೇಜ್ (ಇಡೀ ಡ್ರೈವಿನ ಯಥಾವತ್ ನಕಲು) ತೆಗೆದು ಆಮೇಲೆ ರಿಪೇರಿಗೆ ಕೈಹಾಕುವುದು, ಫಾರ್ಮ್ಯಾಟ್ ಮಾಡುವುದು, ಡ್ರೈವನ್ನೇ ಬದಲಿಸುವುದು.

ಯಾವುದನ್ನು ಆರಿಸಬೇಕು ಎಂಬುದು ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಇದರಲ್ಲಿರುವ ಫೈಲ್‌ಗಳು ಬೇರೆಲ್ಲಾದರೂ ಇವೆಯೇ? ಕೆಟ್ಟಿರುವುದು ಫೈಲ್ ಸಿಸ್ಟಮ್ಮೋ (ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕ), ಕೇಬಲ್ಲೋ, ಡಿಸ್ಕಿನ ಮೈಯೋ? ಹೆಚ್ಚಿನವರು ಇವೆರಡನ್ನೂ ಕೇಳಿಕೊಳ್ಳದೆ ನೇರವಾಗಿ /ಆರ್ ಒತ್ತುತ್ತಾರೆ. ಸಾಯುತ್ತಿರುವ ಡ್ರೈವ್‌ಗೆ ಅದಕ್ಕಿಂತ ಕೆಟ್ಟ ಆಯ್ಕೆ ಇನ್ನೊಂದಿಲ್ಲ.

ಮೂಲ ಫೈಲ್‌ಗಳು ಕಂಪ್ಯೂಟರಿನಲ್ಲಿ ಕ್ಷೇಮವಾಗಿದ್ದರೆ ನಿಮ್ಮ ಕೈಯಲ್ಲಿರುವುದು ಒಂದು ನಕಲು ಮಾತ್ರ. ಅದನ್ನು ಉಳಿಸಲು ಇಡೀ ದಿನ ಕಳೆಯುವುದಕ್ಕಿಂತ ಅದೇ ಹೊತ್ತಿನಲ್ಲಿ ಬೇರೆ ಡ್ರೈವ್‌ಗೆ ಹೊಸ ಬ್ಯಾಕಪ್ ತೆಗೆಯುವುದು ಜಾಣತನ. ಹಳೆಯ ಡ್ರೈವಿನ ಗುಣ ಪರೀಕ್ಷೆಯನ್ನು ಆಮೇಲೆ ನಿಧಾನವಾಗಿ ಮಾಡಬಹುದು. ಆದರೆ ಜಾಗ ಸಾಲದೆಂದು ಕಂಪ್ಯೂಟರಿನಿಂದ ಅಳಿಸಿ ಇದರಲ್ಲಷ್ಟೇ ಇಟ್ಟಿದ್ದರೆ ಇದು ಬ್ಯಾಕಪ್ಪೇ ಅಲ್ಲ, ಇದೇ ಮೂಲ. ಆಗ ಡ್ರೈವ್‌ಗೆ ಒಂದಕ್ಷರವನ್ನಾದರೂ ಬರೆಯುವ ಯಾವ ಉಪಕರಣವನ್ನೂ ಸದ್ಯಕ್ಕೆ ಓಡಿಸಬೇಡಿ.

ಕೇಬಲ್, ಪೋರ್ಟ್, ಕರೆಂಟು

ಐದು ನಿಮಿಷದ ಕೆಲಸ, ಆದರೂ ಎಲ್ಲರೂ ಕೊನೆಗೆ ಮಾಡುವುದು ಇದನ್ನೇ. 2.5 ಇಂಚಿನ ಪೋರ್ಟಬಲ್ ಡ್ರೈವ್ ತನಗೆ ಬೇಕಾದ ವಿದ್ಯುತ್ತನ್ನು ಯುಎಸ್‌ಬಿ ಪೋರ್ಟಿನಿಂದಲೇ ಎಳೆದುಕೊಳ್ಳುತ್ತದೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3.0 ಪೋರ್ಟ್ 900. ಡಿಸ್ಕ್ ತಿರುಗಲು ಶುರುವಾಗುವ ಗಳಿಗೆಯಲ್ಲಿ ಎಳೆತ ಎಲ್ಲಕ್ಕಿಂತ ಹೆಚ್ಚು. ಸ್ವಂತ ಅಡಾಪ್ಟರ್ ಇಲ್ಲದ ಹಬ್, ಡೆಸ್ಕ್‌ಟಾಪಿನ ಮುಂಭಾಗದ ಪೋರ್ಟ್, ಉದ್ದನೆಯ ಅಥವಾ ಸವೆದ ಕೇಬಲ್, ಇವುಗಳಲ್ಲಿ ಯಾವುದಿದ್ದರೂ ವೋಲ್ಟೇಜ್ ಕುಸಿದು ಡ್ರೈವ್ ಟಿಕ್ ಟಿಕ್ ಎನ್ನಬಹುದು, ನಡುವೆ ಮಾಯವಾಗಿ ಮತ್ತೆ ಪ್ರತ್ಯಕ್ಷವಾಗಬಹುದು. 3.5 ಇಂಚಿನ ಡ್ರೈವ್‌ಗೆ 12 ವೋಲ್ಟ್ ಅಡಾಪ್ಟರ್ ಇರುತ್ತದೆ. ಅದು ದುರ್ಬಲವಾದರೂ ಲಕ್ಷಣ ಇದೇ.

ಬೇರೆ ಕೇಬಲ್ ಹಾಕಿ, ಹಬ್ ಬಿಟ್ಟು ಮದರ್‌ಬೋರ್ಡಿಗೇ ಸೇರಿದ ಹಿಂಭಾಗದ ಪೋರ್ಟಿಗೆ ಚುಚ್ಚಿ. ಸಾಧ್ಯವಾದರೆ ಇನ್ನೊಂದು ಕಂಪ್ಯೂಟರಿನಲ್ಲೂ ನೋಡಿ. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್‌ನಲ್ಲಿ ‘ಡಿಸ್ಕ್’ ಎಂಬ ಮೂಲದಿಂದ ಬಂದ ಸಂದೇಶಗಳನ್ನು ಹುಡುಕಿ. ಸಂಖ್ಯೆ 157 ಎಂದರೆ ಡ್ರೈವ್ ಹೇಳದೆ ಕೇಳದೆ ಕಳಚಿಹೋಗಿದೆ: ಮೊದಲ ಅನುಮಾನ ಕೇಬಲ್ ಮತ್ತು ಕರೆಂಟಿನ ಮೇಲಿರಲಿ. 153 ಎಂದರೆ ಓದುವ ಅಥವಾ ಬರೆಯುವ ಕೋರಿಕೆಯನ್ನು ಮತ್ತೆ ಪ್ರಯತ್ನಿಸಬೇಕಾಯಿತು ಎಂದರ್ಥ. ಇದಕ್ಕೆ ಕೇಬಲ್ಲೂ ಕಾರಣವಾಗಬಹುದು, ಡಿಸ್ಕೂ ಆಗಬಹುದು. 7 ಎಂದರೆ ಬ್ಯಾಡ್ ಬ್ಲಾಕ್, ಅಂದರೆ ಡಿಸ್ಕಿನಲ್ಲಿ ಕೆಟ್ಟ ಜಾಗ. ಎನ್‌ಟಿಎಫ್‌ಎಸ್ (ವಿಂಡೋಸ್‌ನ ಸ್ವಂತ ಫೈಲ್ ಸಿಸ್ಟಮ್) ಹೆಸರಿನಲ್ಲಿ 55 ಬಂದಿದ್ದರೆ ಫೈಲ್ ಸಿಸ್ಟಮ್‌ನ ರಚನೆ ಕೆಟ್ಟಿದೆ. ಸಡಿಲ ಕೇಬಲ್ಲಿನ ತಪ್ಪಿಗೆ ಡ್ರೈವನ್ನು ಫಾರ್ಮ್ಯಾಟ್ ಮಾಡುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಸ್ಮಾರ್ಟ್ ವರದಿ: ತಪಾಸಣೆಗೂ ಮೊದಲು

ಡ್ರೈವ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ. ಅದನ್ನು ಓದಲು ಒಂದು ನಿಮಿಷ ಸಾಕು, ಡಿಸ್ಕಿಗೆ ಹೊರೆಯೂ ಇಲ್ಲ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್ ಇದಕ್ಕೆ ಚೆನ್ನಾಗಿವೆ. ಕಮಾಂಡ್ ಮೂಲಕವಾದರೆ ಸ್ಮಾರ್ಟ್‌ಮಾನ್‌ಟೂಲ್ಸ್‌ನ ಸ್ಮಾರ್ಟ್‌ಸಿಟಿಎಲ್‌ಗೆ ‘-ಎ’ ಜೊತೆಗೆ ‘-ಡಿ ಎಸ್‌ಎಟಿ’ ಸೇರಿಸಬೇಕಾಗಬಹುದು. ಯುಎಸ್‌ಬಿ ಪೆಟ್ಟಿಗೆಯೊಳಗಿನ ಬ್ರಿಡ್ಜ್ ಚಿಪ್ ದಾಟಿ ಪ್ರಶ್ನೆ ಡಿಸ್ಕಿಗೆ ಮುಟ್ಟಲು ಅದು ಬೇಕು. ಕೆಲವು ಅಗ್ಗದ ಬ್ರಿಡ್ಜ್‌ಗಳು ಏನು ಮಾಡಿದರೂ ದಾರಿ ಬಿಡುವುದಿಲ್ಲ. ಮ್ಯಾಕ್‌ನ ಡಿಸ್ಕ್ ಯುಟಿಲಿಟಿಯಲ್ಲೂ ಯುಎಸ್‌ಬಿ ಡ್ರೈವ್‌ಗೆ ಸ್ಮಾರ್ಟ್ ‘ಬೆಂಬಲವಿಲ್ಲ’ ಎಂದು ಬರುವುದು ಮಾಮೂಲು. ಅದರಿಂದ ಡ್ರೈವ್ ಕೆಟ್ಟಿದೆ ಎಂದೂ ಆಗದು, ಚೆನ್ನಾಗಿದೆ ಎಂದೂ ಆಗದು.

ತಿರುಗುವ ಡಿಸ್ಕಿನಲ್ಲಿ ನೋಡಬೇಕಾದ ಸಾಲುಗಳು ನಾಲ್ಕು.

- 5 (ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ 05): ಕೆಟ್ಟು, ಮೀಸಲು ಜಾಗಕ್ಕೆ ಈಗಾಗಲೇ ಬದಲಾಗಿರುವ ಸೆಕ್ಟರ್‌ಗಳು (ಡಿಸ್ಕಿನ ಚಿಕ್ಕ ಚಿಕ್ಕ ಖಾನೆಗಳು).
- 197 (ಸಿ5): ಓದಲು ಬಾರದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳು.
- 198 (ಸಿ6): ಡ್ರೈವ್ ತನ್ನಷ್ಟಕ್ಕೆ ನಡೆಸಿದ ತಪಾಸಣೆಯಲ್ಲೂ ಓದಲಾಗದವು.
- 199 (ಸಿ7): ಡಿಸ್ಕಿಗೂ ಅದು ಕೂತಿರುವ ಬ್ರಿಡ್ಜಿಗೂ ನಡುವಿನ ಸಂಪರ್ಕದಲ್ಲಾದ ದೋಷಗಳು.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಕಚ್ಚಾ ಅಂಕಿಗಳನ್ನು ಹೆಕ್ಸಾಡೆಸಿಮಲ್‌ನಲ್ಲಿ ತೋರಿಸುತ್ತದೆ. ಅಲ್ಲಿ ಕೊನೆಗೆ 10 ಎಂದಿದ್ದರೆ ಅದು ಹದಿನಾರು. ಗಾಬರಿ ಬೇಡವಾದರೆ ಫಂಕ್ಷನ್ ಮೆನುವಿನೊಳಗೆ ಕಚ್ಚಾ ಅಂಕಿಗಳನ್ನು ದಶಮಾಂಶಕ್ಕೆ ಬದಲಿಸಿಕೊಳ್ಳಿ.

ಒಂದೇ ಒಂದು ಅಂಕಿಗಿಂತ ಅದರ ನಡೆ ಮುಖ್ಯ. 5ನೆಯ ಸಾಲಿನಲ್ಲಿ 8 ಇದ್ದು ತಿಂಗಳುಗಟ್ಟಲೆ 8 ಆಗಿಯೇ ಉಳಿದಿದ್ದರೆ ಆ ಡ್ರೈವನ್ನು ಎರಡನೆಯ ನಕಲಾಗಿ ಬಳಸಬಹುದು. ನಿನ್ನೆ 8, ಇಂದು 40 ಎಂದಾದರೆ ಮಾತು ಮುಗಿಯಿತು. 197ರಲ್ಲಿ ಸೊನ್ನೆಗಿಂತ ಹೆಚ್ಚಿದ್ದರೆ ಈಗಲೇ ಓದಲು ಬಾರದ ಜಾಗಗಳಿವೆ ಎಂದರ್ಥ. ಅಲ್ಲಿಗೆ ಹೊಸದಾಗಿ ಬರೆದಾಗ ಅವು ಒಂದೋ ಸರಿಹೋಗುತ್ತವೆ, ಇಲ್ಲವೇ ಮೀಸಲಿಗೆ ಬದಲಾಗಿ 5ನೆಯ ಸಾಲಿಗೆ ಸೇರುತ್ತವೆ. ಬರೆಯುವಾಗ ಕರೆಂಟು ಹೋಗಿದ್ದರಿಂದಲೂ ಇಂಥ ಸೆಕ್ಟರ್ ಹುಟ್ಟುತ್ತದೆ, ಹಾಗಾಗಿ 197ರಲ್ಲಿ ಸಣ್ಣ ಅಂಕಿ ಕಂಡ ಮಾತ್ರಕ್ಕೆ ಡ್ರೈವ್ ಸತ್ತಿತೆಂದಲ್ಲ. 199 ಏರುತ್ತಿದ್ದರೆ ದೂರು ಪ್ಲ್ಯಾಟರ್‌ಗಳ (ಒಳಗೆ ತಿರುಗುವ ತಟ್ಟೆಗಳ) ಮೇಲಲ್ಲ, ಸಂಪರ್ಕದ ಮೇಲೆ. ಡ್ರೈವನ್ನು ಪೆಟ್ಟಿಗೆಯೊಳಗೆ ಬಿಗಿಯಾಗಿ ಕೂರಿಸಿದರೆ ಅಥವಾ ಪೆಟ್ಟಿಗೆ ಬದಲಿಸಿದರೆ ಏರಿಕೆ ನಿಲ್ಲಬೇಕು. ಹಳೆಯ ಅಂಕಿ ಮಾತ್ರ ಇಳಿಯುವುದಿಲ್ಲ.

ಇದಾದಮೇಲೂ ಅನುಮಾನವಿದ್ದರೆ ಡ್ರೈವಿನದೇ ಸ್ವಪರೀಕ್ಷೆ ಇದೆ. ಚಿಕ್ಕದಕ್ಕೆ ಸುಮಾರು 2 ನಿಮಿಷ, ದೊಡ್ಡದು ಇಡೀ ಮೇಲ್ಮೈ ಓದುವುದರಿಂದ ಹಲವು ಗಂಟೆ. ದೊಡ್ಡ ಪರೀಕ್ಷೆ ಫೈಲ್ ಸಿಸ್ಟಮ್ಮನ್ನು ಮುಟ್ಟುವುದಿಲ್ಲ. ಈ ಒಂದೇ ಕಾರಣಕ್ಕೆ ಡಿಸ್ಕಿನ ಮೈ ಪರೀಕ್ಷಿಸಲು /ಆರ್‌ಗಿಂತ ಇದು ಮೇಲು. ಒಂದು ತೊಡಕಿದೆ: ಕಂಪ್ಯೂಟರಿನ ಕಡೆಯಿಂದ ಓಡಾಟ ಇಲ್ಲದಿದ್ದರೆ ಕೆಲವು ಯುಎಸ್‌ಬಿ ಪೆಟ್ಟಿಗೆಗಳು ಡ್ರೈವನ್ನು ಮಲಗಿಸಿಬಿಡುತ್ತವೆ, ಪರೀಕ್ಷೆ ನಡುವೆಯೇ ರದ್ದಾಗುತ್ತದೆ. ಹತ್ತಿಪ್ಪತ್ತು ಸೆಕೆಂಡಿಗೊಮ್ಮೆ ಸ್ಮಾರ್ಟ್ ವರದಿ ಕೇಳುತ್ತಿದ್ದರೆ ಸಾಮಾನ್ಯವಾಗಿ ಎಚ್ಚರವಾಗಿರುತ್ತದೆ.

ಚೆಕ್‌ಡಿಸ್ಕ್‌ನ ಮೂರು ಮುಖ

ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಸಿ-ಎಚ್-ಕೆ-ಡಿ-ಎಸ್-ಕೆ, ಒಂದು ಜಾಗ ಬಿಟ್ಟು ಡ್ರೈವಿನ ಅಕ್ಷರ ಮತ್ತು ಕೋಲನ್, ಆಮೇಲೆ ಬೇಕಾದ ಸ್ವಿಚ್.

ಸ್ವಿಚ್ ಇಲ್ಲದೆ ಓಡಿಸಿದರೆ ಅದು ಬರೀ ಓದುತ್ತದೆ, ಏನನ್ನೂ ತಿದ್ದುವುದಿಲ್ಲ. ಮೊದಲ ಹೆಜ್ಜೆ ಇದೇ ಆಗಿರಲಿ. ಆದರೆ ಅದೇ ಹೊತ್ತಿನಲ್ಲಿ ಬ್ಯಾಕಪ್ ತಂತ್ರಾಂಶವೋ ಆಂಟಿವೈರಸ್ಸೋ ಡ್ರೈವ್‌ಗೆ ಬರೆಯುತ್ತಿದ್ದರೆ ಇಲ್ಲದ ದೋಷಗಳನ್ನೂ ಇದು ವರದಿ ಮಾಡಬಲ್ಲದು. ಎನ್‌ಟಿಎಫ್‌ಎಸ್ ಡ್ರೈವ್ ಆದರೆ /ಸ್ಕ್ಯಾನ್ ಕೂಡ ಇದೆ. ಅದು ಡ್ರೈವನ್ನು ಬಳಕೆಯಲ್ಲೇ ಇಟ್ಟು ತಪಾಸಣೆ ನಡೆಸುತ್ತದೆ. ವಿಂಡೋಸ್, ಮ್ಯಾಕ್ ಎರಡರಲ್ಲೂ ಓಡುವ ಎಕ್ಸ್‌ಫ್ಯಾಟ್ ಎಂಬ ಫೈಲ್ ಸಿಸ್ಟಮ್ಮಿಗೆ ಅದು ನಡೆಯುವುದಿಲ್ಲ.

/ಎಫ್ ಫೈಲ್ ಸಿಸ್ಟಮ್‌ನ ದಾಖಲೆಗಳನ್ನು ಸರಿಪಡಿಸುತ್ತದೆ. ಎನ್‌ಟಿಎಫ್‌ಎಸ್‌ನಲ್ಲಿ ಮೂರು ಹಂತ: ಮೊದಲು ಮೂಲ ರಚನೆ, ಆಮೇಲೆ ಫೈಲ್ ಹೆಸರುಗಳ ಕೊಂಡಿ, ಕೊನೆಗೆ ಭದ್ರತಾ ವಿವರಗಳು. ಫೈಲ್‌ಗಳ ಒಳಗಿನ ದತ್ತಾಂಶವನ್ನು ಅದು ಓದುವುದೇ ಇಲ್ಲ. ಹಾಗಾಗಿ ಸಮಯ ಡ್ರೈವಿನ ಗಾತ್ರಕ್ಕಿಂತ ಫೈಲ್‌ಗಳ ಸಂಖ್ಯೆಯನ್ನು ಅವಲಂಬಿಸುತ್ತದೆ. ದೊಡ್ಡ ವಿಡಿಯೊಗಳಷ್ಟೇ ಇದ್ದರೆ ನಿಮಿಷಗಳಲ್ಲಿ ಮುಗಿದೀತು, ಲಕ್ಷಗಟ್ಟಲೆ ಚಿಲ್ಲರೆ ಫೈಲ್‌ಗಳಿದ್ದರೆ ಗಂಟೆಯೂ ಹಿಡಿದೀತು. ಕೇಬಲ್ ಕಿತ್ತದ್ದರಿಂದ, ಕರೆಂಟು ಹೋದದ್ದರಿಂದ ಆದ ಗೊಂದಲಕ್ಕೆ ಇದೇ ಸರಿಯಾದ ಮದ್ದು. ಸ್ಮಾರ್ಟ್ ವರದಿ ಶುದ್ಧವಾಗಿದ್ದರೆ ಧೈರ್ಯವಾಗಿ ಓಡಿಸಿ.

/ಆರ್ ಎಂದರೆ /ಎಫ್ ಮಾಡುವುದೆಲ್ಲ ಮಾಡಿ, ನಾಲ್ಕನೆಯ ಹಂತದಲ್ಲಿ ಫೈಲ್‌ಗಳಿರುವ ಜಾಗವನ್ನೂ ಐದನೆಯದರಲ್ಲಿ ಖಾಲಿ ಜಾಗವನ್ನೂ ಒಂದೂ ಬಿಡದೆ ಓದುವುದು. ಲೆಕ್ಕ ಹಾಕಿ: 4 ಟೆರಾಬೈಟ್ ಡ್ರೈವ್ ಸೆಕೆಂಡಿಗೆ ಸರಾಸರಿ 120 ಮೆಗಾಬೈಟ್ ಓದಿದರೆ ಸುಮಾರು ಒಂಬತ್ತೂಕಾಲು ಗಂಟೆ. ಅದೇ ಡ್ರೈವ್ ಯುಎಸ್‌ಬಿ 2.0 ಪೋರ್ಟಿನಲ್ಲಿ ಸೆಕೆಂಡಿಗೆ 35 ಮೆಗಾಬೈಟ್‌ಗೆ ಇಳಿದರೆ 31 ಗಂಟೆ ದಾಟುತ್ತದೆ. ಇದು ಡಿಸ್ಕ್ ಆರೋಗ್ಯವಾಗಿದ್ದಾಗಿನ ಮಾತು. ಕೆಟ್ಟ ಸೆಕ್ಟರ್ ಎದುರಾದರೆ ಡ್ರೈವ್ ಅದೊಂದನ್ನೇ ಮತ್ತೆ ಮತ್ತೆ ಓದಲು ಹೆಣಗುತ್ತದೆ. ಅಂಥವು ಸಾವಿರವಿದ್ದರೆ ದಿನಗಳೇ ಹಿಡಿಯುತ್ತವೆ. ಆಯುಸ್ಸು ಮುಗಿಯುತ್ತ ಬಂದ ಹೆಡ್‌ಗಳಿಗೆ ಅದು ಕೊನೆಯ ಓಟವೂ ಆಗಬಹುದು.

ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ. /ಆರ್ ಕೆಟ್ಟ ಜಾಗವನ್ನು ಗುರುತು ಹಾಕಿ ಬದಿಗಿಡುತ್ತದೆ, ಓದಲು ಸಿಕ್ಕಿದ್ದನ್ನು ಮಾತ್ರ ಬೇರೆಡೆಗೆ ಸಾಗಿಸುತ್ತದೆ. ಓದಲಾಗದ ತುಣುಕು ಹೋದದ್ದು ಹೋದದ್ದೇ. ಫೈಲಿನ ಹೆಸರು ಹಾಗೇ ಇರುತ್ತದೆ, ಗಾತ್ರ ಹಾಗೇ ಇರುತ್ತದೆ, ಒಳಗೆ ಒಂದು ತೂತು. ಕೊನೆಯಲ್ಲಿ ಬರುವ ‘ಸರಿಪಡಿಸಲಾಗಿದೆ’ ಎಂಬ ಮಾತು ಫೈಲ್ ಸಿಸ್ಟಮ್ಮಿಗೆ ಅನ್ವಯಿಸುತ್ತದೆ, ನಿಮ್ಮ ಫೋಟೊಗಲ್ಲ.

ಹಾಗಾದರೆ /ಆರ್ ಯಾವಾಗ? ದತ್ತಾಂಶವೆಲ್ಲ ಬೇರೆಡೆ ಕ್ಷೇಮವಾಗಿದೆ, ಸ್ಮಾರ್ಟ್ ವರದಿ ಸಿಗುತ್ತಿಲ್ಲ, ಡಿಸ್ಕಿನ ಮೈ ಹೇಗಿದೆಯೋ ತಿಳಿಯಬೇಕು ಎಂದಾಗ ಮಾತ್ರ. ಎಕ್ಸ್‌ಟರ್ನಲ್ ಎಸ್‌ಎಸ್‌ಡಿಗೆ ಅದರಿಂದ ಬಹಳ ಉಪಯೋಗವಿಲ್ಲ. ಅಲ್ಲಿ ಕೆಟ್ಟ ಬ್ಲಾಕ್‌ಗಳ ಉಸ್ತುವಾರಿ ಒಳಗಿನ ಕಂಟ್ರೋಲರ್‌ನದು.

/ಎಫ್ ಓಡಿದ ಮೇಲೆ ಡ್ರೈವ್ ತೆರೆದ ಕೂಡಲೇ ಸಿಗುವ ಮೊದಲ ಮಟ್ಟದಲ್ಲಿ (ರೂಟ್) ‘ಫೌಂಡ್.000’ ಎಂಬ ಫೋಲ್ಡರ್ ಕಾಣಿಸಬಹುದು, ಮಾಮೂಲಾಗಿ ಮರೆಯಲ್ಲಿರುತ್ತದೆ. ಒಡೆಯರಿಲ್ಲದ ತುಣುಕುಗಳನ್ನು ಸಿಎಚ್‌ಕೆ ಬಾಲದ ಫೈಲ್‌ಗಳಾಗಿ ಅದು ಅಲ್ಲಿ ಸುರಿದಿರುತ್ತದೆ. ಬ್ಯಾಕಪ್ ಡ್ರೈವ್‌ನಲ್ಲಿ ಅದು ಕಂಡರೆ ಆ ಬ್ಯಾಕಪ್ ಇನ್ನು ಪೂರ್ತಿಯಾಗಿಲ್ಲ ಎಂದೇ ಹಿಡಿಯಿರಿ.

ತಪಾಸಣೆಯೇ ಮುಂದೆ ಸಾಗದಿದ್ದರೆ

ಪರ್ಸೆಂಟ್ ಅಲ್ಲಾಡದಿದ್ದರೆ ರಿಸೋರ್ಸ್ ಮಾನಿಟರ್ ತೆರೆದು ಡಿಸ್ಕ್ ಟ್ಯಾಬ್ ನೋಡಿ. ಸೆಕೆಂಡಿಗೆ ಹತ್ತಾರು ಮೆಗಾಬೈಟ್ ಓದು ನಡೆಯುತ್ತಿದ್ದರೆ ಅದು ಕೆಲಸ ಮಾಡುತ್ತಿದೆ, ಬಿಟ್ಟುಬಿಡಿ. ಡಿಸ್ಕ್ 100 ಪರ್ಸೆಂಟ್ ಚಟುವಟಿಕೆ ತೋರಿಸುತ್ತ ಓದು ಸೊನ್ನೆಯ ಬಳಿ ತೆವಳುತ್ತಿದ್ದರೆ ಅದು ಕೆಟ್ಟ ಸೆಕ್ಟರ್‌ನಲ್ಲಿ ಸಿಕ್ಕಿಕೊಂಡಿದೆ: ನಿಲ್ಲಿಸುವುದೇ ಲೇಸು. ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿದರೆ ಡ್ರೈವ್ ಮೊದಲಿಗಿಂತ ಹೆಚ್ಚು ಕೆಡಬಾರದು ಎಂಬುದು ಮೈಕ್ರೋಸಾಫ್ಟ್‌ನ ದಾಖಲೆಯಲ್ಲಿಯೇ ಇದೆ, ನಡುವೆ ನಿಲ್ಲಿಸುವುದನ್ನು ಅವರು ಶಿಫಾರಸು ಮಾಡದಿದ್ದರೂ. ಕೇಬಲ್ ಕೀಳುವುದು ಬೇರೆ ಮಾತು, ಅದನ್ನು ಮಾಡಬೇಡಿ. ಅರ್ಧ ರಾತ್ರಿಯಲ್ಲಿ ಕಂಪ್ಯೂಟರ್ ನಿದ್ದೆಗೆ ಜಾರಿ ತಪಾಸಣೆ ಕಡಿಯುವುದೂ ಉಂಟು. ಶುರುಮಾಡುವ ಮೊದಲೇ ಸ್ಲೀಪ್ ಮತ್ತು ಪವರ್ ಪ್ಲಾನ್‌ನಲ್ಲಿರುವ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎರಡನ್ನೂ ಆಫ್ ಮಾಡಿಡಿ.

‘ಬೇರೊಂದು ಪ್ರೊಗ್ರಾಂ ಬಳಸುತ್ತಿದೆ’ ಎಂದು ಡ್ರೈವ್ ಲಾಕ್ ಆಗದಿದ್ದರೆ ತೆರೆದ ಫೋಲ್ಡರ್‌ಗಳನ್ನು ಮುಚ್ಚಿ, ಬ್ಯಾಕಪ್ ತಂತ್ರಾಂಶ ನಿಲ್ಲಿಸಿ. ಆಗಲೂ ಆಗದಿದ್ದರೆ /ಎಕ್ಸ್ ಸೇರಿಸಿ. ಅದು ಬಲವಂತವಾಗಿ ಅನ್‌ಮೌಂಟ್ ಮಾಡುತ್ತದೆ, ಅಂದರೆ ಡ್ರೈವನ್ನು ಬಳಕೆಯಿಂದ ಬಿಡಿಸುತ್ತದೆ. ‘ರೈಟ್ ಪ್ರೊಟೆಕ್ಟೆಡ್’ ಎಂದರೆ ಪೆಟ್ಟಿಗೆಯ ಮೇಲೆ ಸ್ವಿಚ್ ಇದೆಯೇ ನೋಡಿ. ಬಿಟ್‌ಲಾಕರ್ ಹಾಕಿದ ಡ್ರೈವ್ ಆದರೆ ಪಾಸ್‌ವರ್ಡ್ ಕೊಟ್ಟು ಬೀಗ ತೆಗೆದ ಮೇಲೆಯೇ ತಪಾಸಣೆ.

ಎಲ್ಲಕ್ಕಿಂತ ಹೆದರಿಸುವ ಸಂದೇಶ ‘ರಾ ಡ್ರೈವ್‌ಗಳಿಗೆ ಚೆಕ್‌ಡಿಸ್ಕ್ ಲಭ್ಯವಿಲ್ಲ’ ಎಂಬುದು. ಅಲ್ಲಿರುವ ಫೈಲ್ ಸಿಸ್ಟಮ್ ಯಾವುದೆಂದು ವಿಂಡೋಸ್‌ಗೆ ಗೊತ್ತಾಗುತ್ತಿಲ್ಲ ಎಂದಷ್ಟೇ ಇದರರ್ಥ. ಅದು ಮ್ಯಾಕ್ ಅಥವಾ ಲಿನಕ್ಸ್‌ನಲ್ಲಿ ಫಾರ್ಮ್ಯಾಟ್ ಮಾಡಿದ ಆರೋಗ್ಯವಂತ ಡ್ರೈವೇ ಇರಬಹುದು. ಪೆಟ್ಟಿಗೆ ಬದಲಿಸಿದ್ದೂ ಕಾರಣವಾಗಬಹುದು: 2 ಟೆರಾಬೈಟ್‌ಗಿಂತ ದೊಡ್ಡ ಡ್ರೈವ್‌ಗಳ ಕೆಲವು ಬ್ರಿಡ್ಜ್‌ಗಳು ಸೆಕ್ಟರ್ ಗಾತ್ರವನ್ನು 512 ಬೈಟ್ ಬದಲು 4096 ಎಂದು ತೋರಿಸುತ್ತವೆ. ಅದೇ ಡಿಸ್ಕನ್ನು ತೆಗೆದು ಬೇರೆ ಪೆಟ್ಟಿಗೆಗೆ ಹಾಕಿದರೆ ಪಾರ್ಟಿಶನ್‌ನ ವಿಳಾಸಗಳೆಲ್ಲ ಎಂಟು ಪಟ್ಟು ತಪ್ಪುತ್ತವೆ, ದತ್ತಾಂಶ ಇದ್ದಲ್ಲೇ ಇದ್ದರೂ ಕಾಣುವುದಿಲ್ಲ. ಹಳೆಯ ಪೆಟ್ಟಿಗೆಗೇ ಮರಳಿಸಿದರೆ ಸರಿಹೋಗುತ್ತದೆ. ಬ್ರಿಡ್ಜಿನಲ್ಲೇ ಎನ್‌ಕ್ರಿಪ್ಶನ್ ಇರುವ ಡ್ರೈವ್‌ಗಳೂ ಇವೆ; ಬಿಚ್ಚಿ ನೇರವಾಗಿ ಸಾಟಾಗೆ ಜೋಡಿಸಿದರೆ ಅವುಗಳಲ್ಲಿ ಬರೀ ಕಸ ಕಾಣುತ್ತದೆ. ಯಾವ ಕಾರಣವಾದರೂ ಸರಿ, ‘ಫಾರ್ಮ್ಯಾಟ್ ಮಾಡಬೇಕೇ?’ ಎಂದು ಕೇಳಿದಾಗ ರದ್ದು ಒತ್ತಿ.

ಮ್ಯಾಕ್, ಲಿನಕ್ಸ್

ಡಿಸ್ಕ್ ಯುಟಿಲಿಟಿಯ ವ್ಯೂ ಮೆನುವಿನಲ್ಲಿ ಎಲ್ಲ ಡಿವೈಸ್‌ಗಳನ್ನು ತೋರಿಸುವಂತೆ ಮಾಡಿ, ಫಸ್ಟ್ ಏಡ್ ಅನ್ನು ಕೆಳಗಿನಿಂದ ಮೇಲಕ್ಕೆ ಓಡಿಸಿ: ಮೊದಲು ವಾಲ್ಯೂಮ್, ಆಮೇಲೆ ಕಂಟೇನರ್, ಕೊನೆಗೆ ಡಿಸ್ಕ್. ಸರಿಯಾಗಿ ಇಜೆಕ್ಟ್ ಮಾಡದ ಎಕ್ಸ್‌ಫ್ಯಾಟ್ ಡ್ರೈವ್ ಚುಚ್ಚಿದರೆ ಮ್ಯಾಕ್ ತಾನಾಗಿ ಹಿನ್ನೆಲೆಯಲ್ಲಿ ತಪಾಸಣೆ ಶುರುಮಾಡುತ್ತದೆ. ಅದು ಮುಗಿಯುವ ತನಕ ಡ್ರೈವ್ ಫೈಂಡರ್‌ನಲ್ಲಿ ಕಾಣುವುದಿಲ್ಲ. ಸತ್ತಿತೆಂದು ಕಿತ್ತು ಮತ್ತೆ ಚುಚ್ಚಿದರೆ ಮೊದಲಿನಿಂದ ಶುರು. ಆಕ್ಟಿವಿಟಿ ಮಾನಿಟರ್‌ನಲ್ಲಿ ಎಫ್‌ಎಸ್‌ಸಿಕೆ-ಎಕ್ಸ್‌ಫ್ಯಾಟ್ ಓಡುತ್ತಿದೆಯೇ ನೋಡಿ ಕಾಯಿರಿ. ಎನ್‌ಟಿಎಫ್‌ಎಸ್ ಅನ್ನು ಮ್ಯಾಕ್ ಓದುತ್ತದಷ್ಟೇ, ರಿಪೇರಿಗೆ ವಿಂಡೋಸ್ ಬೇಕು.

ಲಿನಕ್ಸ್‌ನಲ್ಲಿ ಮೊದಲು ಅನ್‌ಮೌಂಟ್, ಇದರಲ್ಲಿ ರಾಜಿಯಿಲ್ಲ. ಲಿನಕ್ಸ್‌ನ ಫೈಲ್ ಸಿಸ್ಟಮ್ ಆದ ಇಎಕ್ಸ್‌ಟಿ4ಗೆ ಇ2ಎಫ್‌ಎಸ್‌ಸಿಕೆ ಕಮಾಂಡನ್ನು ‘-ಎಫ್ -ಎನ್’ ಜೊತೆ ಕೊಟ್ಟರೆ ಏನನ್ನೂ ಮುಟ್ಟದೆ ವರದಿ ಕೊಡುತ್ತದೆ. ಒಪ್ಪಿಗೆಯಾದರೆ ‘-ಎನ್’ ಬಿಟ್ಟು ಓಡಿಸಿ. ‘-ಸಿ’ ಸೇರಿಸಿದರೆ /ಆರ್‌ನಂತೆಯೇ ಡಿಸ್ಕನ್ನೆಲ್ಲ ಓದುತ್ತದೆ, ಎಚ್ಚರಿಕೆಗಳೂ ಅವೇ. ಲಿನಕ್ಸ್‌ನ ಎನ್‌ಟಿಎಫ್‌ಎಸ್‌ಫಿಕ್ಸ್ ಕಮಾಂಡಿನ ಹೆಸರಿಗೆ ಮರುಳಾಗಬೇಡಿ. ಅದು ಕೆಲವು ಮೂಲ ದೋಷಗಳನ್ನು ತಿದ್ದಿ, ಜರ್ನಲ್ (ಬದಲಾವಣೆಗಳನ್ನು ಗುರುತಿಟ್ಟುಕೊಳ್ಳುವ ದಿನಚರಿ) ಖಾಲಿಮಾಡಿ, ಮುಂದಿನ ತಪಾಸಣೆಯನ್ನು ವಿಂಡೋಸ್ ತಲೆಗೆ ಕಟ್ಟುತ್ತದೆ. ಚೆಕ್‌ಡಿಸ್ಕ್‌ಗೆ ಅದು ಬದಲಿಯಲ್ಲ.

ಇರುವುದು ಇದೊಂದೇ ಪ್ರತಿಯಾದರೆ

ಸ್ಮಾರ್ಟ್ ವರದಿ ಕೆಟ್ಟಿದ್ದು, ಫೈಲ್‌ಗಳು ಬೇರೆಲ್ಲೂ ಇಲ್ಲದಿದ್ದರೆ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಕಮಾಂಡ್ ಬಳಸಿ ಇಡೀ ಡ್ರೈವನ್ನು ಮತ್ತೊಂದಕ್ಕೆ ಇಮೇಜ್ ಆಗಿ ಇಳಿಸಿಕೊಳ್ಳಿ. ಗುರಿಯ ಡ್ರೈವ್‌ನಲ್ಲಿ ಮೂಲದ ಪೂರ್ತಿ ಗಾತ್ರಕ್ಕಿಂತ ಹೆಚ್ಚು ಖಾಲಿ ಜಾಗ ಇರಬೇಕು, ತುಂಬಿರುವ ಭಾಗದ ಲೆಕ್ಕ ಇಲ್ಲಿ ನಡೆಯದು. ಮೊದಲ ಸುತ್ತಿಗೆ ‘-ಎನ್’ ಕೊಡಿ: ಸುಲಭಕ್ಕೆ ಸಿಗುವುದನ್ನೆಲ್ಲ ಮೊದಲು ಬಾಚಿಕೊಂಡು, ಕೆಟ್ಟ ಜಾಗಗಳನ್ನು ಕೆದಕದೆ ಬಿಡುತ್ತದೆ. ಎರಡನೆಯ ಸುತ್ತಿಗೆ ‘-ಡಿ -ಆರ್3’, ಅಂದರೆ ಉಳಿದದ್ದಕ್ಕೆ ಮೂರು ಬಾರಿ ಮರುಯತ್ನ. ಎರಡೂ ಸುತ್ತಿಗೆ ಒಂದೇ ಮ್ಯಾಪ್ ಫೈಲ್ ಕೊಡುವುದನ್ನು ಮರೆಯಬೇಡಿ. ಎಲ್ಲಿಯವರೆಗೆ ಆಯಿತು, ಯಾವುದು ಬಾಕಿ ಎಂಬ ಲೆಕ್ಕ ಅದರಲ್ಲಿರುತ್ತದೆ. ಮೂಲ ಯಾವುದು, ಗುರಿ ಯಾವುದು ಎಂದು ಎರಡೆರಡು ಸಲ ನೋಡಿ ಎಂಟರ್ ಒತ್ತಿ. ಆಮೇಲೆ /ಎಫ್ ಆಗಲಿ ಎಫ್‌ಎಸ್‌ಸಿಕೆ ಆಗಲಿ, ಓಡಬೇಕಾದ್ದು ಆ ಇಮೇಜಿನ ಇನ್ನೊಂದು ಪ್ರತಿಯ ಮೇಲೆ.

ಡ್ರೈವ್ ಲಯಬದ್ಧವಾಗಿ ಕಟಕಟ ಎನ್ನುತ್ತಿದ್ದರೆ, ಕೆಳಗೆ ಬಿದ್ದಿದ್ದರೆ, ಕೇಬಲ್ ಬದಲಿಸಿದರೂ ಗಾತ್ರ ಸೊನ್ನೆ ತೋರಿಸುತ್ತಿದ್ದರೆ ಇದೂ ಬೇಡ. ಕರೆಂಟು ತೆಗೆದು ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ. ಇಂಥ ಡ್ರೈವ್ ತಿರುಗಿದಷ್ಟೂ ಪ್ಲ್ಯಾಟರ್ ಗೀರಿಕೊಳ್ಳುವ ಅಪಾಯ ಹೆಚ್ಚು.

ಫಾರ್ಮ್ಯಾಟೋ, ಹೊಸ ಡ್ರೈವೋ

ಮೂಲ ಕ್ಷೇಮವಾಗಿದ್ದು, ಫೈಲ್ ಸಿಸ್ಟಮ್ ಪದೇ ಪದೇ ಕೆಡುತ್ತಿದ್ದು, ಸ್ಮಾರ್ಟ್ ಶುದ್ಧವಾಗಿದ್ದರೆ /ಎಫ್‌ಗಿಂತ ಫಾರ್ಮ್ಯಾಟ್ ಮಾಡಿ ಹೊಸದಾಗಿ ಬ್ಯಾಕಪ್ ತೆಗೆಯುವುದೇ ಸ್ವಚ್ಛ. ಆದರೆ ಹಳೆಯ ಆವೃತ್ತಿಗಳ ಚರಿತ್ರೆ ಅದರೊಂದಿಗೇ ಹೋಗುತ್ತದೆ. ಕಳೆದ ವರ್ಷ ಅಳಿಸಿದ ಫೈಲ್ ಆ ಚರಿತ್ರೆಯಲ್ಲಷ್ಟೇ ಇದ್ದೀತು, ಒಮ್ಮೆ ಯೋಚಿಸಿ. 197ರಲ್ಲಿ ಒಂದೆರಡು ಸೆಕ್ಟರ್ ಕಂಡಿದ್ದರೆ ಕ್ವಿಕ್ ಬೇಡ, ಪೂರ್ಣ ಫಾರ್ಮ್ಯಾಟ್ ಮಾಡಿ. ವಿಸ್ಟಾದಿಂದ ಈಚೆಗೆ ವಿಂಡೋಸ್‌ನ ಪೂರ್ಣ ಫಾರ್ಮ್ಯಾಟ್ ಇಡೀ ವಾಲ್ಯೂಮಿಗೆ ಸೊನ್ನೆ ಬರೆಯುತ್ತದೆ, ಆ ಬರವಣಿಗೆಯೇ ಕಾದಿರುವ ಸೆಕ್ಟರ್‌ಗಳ ಹಣೆಬರಹ ನಿರ್ಧರಿಸುತ್ತದೆ. ಮುಗಿದ ಮೇಲೆ 197 ಸೊನ್ನೆಯಾಗಿ 5 ಏರದಿದ್ದರೆ ಡ್ರೈವ್ ಬದುಕಿತು. 5 ಏರಿದ್ದರೆ ಅಂಕಿ ಬರೆದಿಟ್ಟು, ಒಂದೆರಡು ವಾರ ಬಳಸಿ ಮತ್ತೆ ನೋಡಿ. ಆಗಲೂ ಏರುತ್ತಿದ್ದರೆ ವಾರಂಟಿ ಇದ್ದರೆ ವಾರಂಟಿಗೆ, ಇಲ್ಲದಿದ್ದರೆ ಇ-ತ್ಯಾಜ್ಯಕ್ಕೆ. ಈಗಿನ 2.5 ಇಂಚಿನ ಡ್ರೈವ್‌ಗಳಲ್ಲಿ ಹೆಚ್ಚಿನವು ಶಿಂಗಲ್ಡ್ ರೆಕಾರ್ಡಿಂಗ್‌ನವು (ಸಾಲುಗಳನ್ನು ಹೆಂಚಿನಂತೆ ಒಂದರ ಮೇಲೊಂದು ಹೊದಿಸಿ ಬರೆಯುವಂಥವು); ದೀರ್ಘ ಬರವಣಿಗೆಯ ನಡುವೆ ವೇಗ ಪಾತಾಳಕ್ಕಿಳಿಯುವುದು ಅವುಗಳ ಸಹಜ ಗುಣ, ರೋಗವಲ್ಲ.

ಯಾವ ಫೈಲ್ ಸಿಸ್ಟಮ್? ವಿಂಡೋಸ್‌ಗೆ ಮಾತ್ರವಾದರೆ ಎನ್‌ಟಿಎಫ್‌ಎಸ್, ಮ್ಯಾಕ್‌ಗೆ ಮಾತ್ರವಾದರೆ ಎಪಿಎಫ್‌ಎಸ್. ಎಲ್ಲ ಕಡೆ ಓಡುತ್ತದೆಂದು ಎಕ್ಸ್‌ಫ್ಯಾಟ್ ಆರಿಸುವವರು ಹೆಚ್ಚು, ಆದರೆ ಅದಕ್ಕೆ ಜರ್ನಲ್ ಇಲ್ಲ. ಬರೆಯುವಾಗ ಒಮ್ಮೆ ಕೇಬಲ್ ಸಡಿಲವಾದರೆ ಸಾಕು, ಮತ್ತೆ ತಪಾಸಣೆಯ ಸರದಿ.

ತಪಾಸಣೆ ಪಾಸಾದ ಡ್ರೈವ್‌ನಲ್ಲೂ ಬ್ಯಾಕಪ್ ಪರೀಕ್ಷೆ ಬೇರೆಯಾಗಿಯೇ ಆಗಬೇಕು, ಏಕೆಂದರೆ ಫೈಲ್‌ನ ಒಳಗಿನದು ಸರಿಯೇ ಎಂದು ಚೆಕ್‌ಡಿಸ್ಕ್ ಎಂದೂ ಕೇಳುವುದಿಲ್ಲ. ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಬಳಸುವವರು ಚೆಕ್ ಕಮಾಂಡಿಗೆ ‘--ರೀಡ್-ಡೇಟಾ’ ಸೇರಿಸಿ ಓಡಿಸಿ. ಬರೀ ನಕಲು ಮಾಡುವವರಿಗೆ ನಕಲು ಕಮಾಂಡ್ ಆದ ಆರ್‌ಸಿಂಕ್‌ನ ‘-ಸಿ’ ಇದೆ, ಗಾತ್ರ ಮತ್ತು ದಿನಾಂಕ ನಂಬದೆ ಚೆಕ್‌ಸಮ್ (ಫೈಲಿನ ಒಳಗಿನದರಿಂದ ಲೆಕ್ಕಹಾಕಿದ ಗುರುತು) ಹೋಲಿಸುತ್ತದೆ; ಮೊದಲು ‘-ಎನ್ -ವಿ’ ಜೊತೆಗೆ ಓಡಿಸಿದರೆ ಏನನ್ನೂ ಬರೆಯದೆ ವ್ಯತ್ಯಾಸವಿರುವ ಫೈಲ್‌ಗಳ ಪಟ್ಟಿ ಕೊಡುತ್ತದೆ. ವಿಂಡೋಸ್‌ನಲ್ಲಿ ಎರಡು ಫೈಲ್‌ಗಳನ್ನು ಹೋಲಿಸಲು ಎಫ್‌ಸಿ ಕಮಾಂಡಿಗೆ /ಬಿ ಕೊಡಿ. ಇಷ್ಟೂ ಬೇಸರವೆನಿಸಿದರೆ ಬೇರೆ ಬೇರೆ ಫೋಲ್ಡರ್‌ಗಳಿಂದ ನಾಲ್ಕಾರು ದೊಡ್ಡ ಫೈಲ್‌ಗಳನ್ನು ಬೇರೆ ಜಾಗಕ್ಕೆ ಮರಳಿಸಿ, ತೆರೆದು, ವಿಡಿಯೊ ಆದರೆ ಕೊನೆಯ ತನಕ ಓಡಿಸಿ ನೋಡಿ.